ತಿಂಗಳಿಗೆ ಐದು ರೂಪಾಯಿ

ಶೃಂಗೇರಿ ತಾಲ್ಲೂಕಿನ ಸಿರಿಮನೆ ಜಲಪಾತವನ್ನು ನೀವು ನೋಡಿರಬಹುದು. ಅಲ್ಲಿನ ಅಡಿಕೆ ಬೆಳೆಗಾರನೊಬ್ಬನಿಗೆ ಹೃದಯದ ಶಸ್ತ್ರಚಿಕಿತ್ಸೆ ಬೇಕಾಯಿತೆನ್ನಿ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕು, ಇಲ್ಲವೇ ಬೆಂಗಳೂರಿಗೆ. ದೂರದ ಮಾತು ಹಾಗಿರಲಿ, ತೋಟವನ್ನು ಒತ್ತೆಯಿಡದೆ ಹಣ ಹೊಂದಿಸುವುದೆಂತು?

2003ರ ಜೂನ್‌ನಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಇದಕ್ಕೊಂದು ಉತ್ತರ. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರೂ ರಾಜ್ಯದ ಸಹಕಾರ ಇಲಾಖೆಯೂ ಕೂಡಿ ರೂಪಿಸಿದ್ದು. ಸಹಕಾರ ಸಂಘದ ರೈತ ತಲೆಗೆ ತಿಂಗಳಿಗೆ ಐದರಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ, ಪಟ್ಟಿಯಲ್ಲಿದ್ದ ಆಸ್ಪತ್ರೆಗಳಲ್ಲಿ ಗೊತ್ತುಪಡಿಸಿದ ಶಸ್ತ್ರಚಿಕಿತ್ಸೆಗಳು ನಗದಿಲ್ಲದೆ ನಡೆಯುತ್ತಿದ್ದವು. ಗೊಬ್ಬರಕ್ಕೂ ಸಾಲಕ್ಕೂ ಹತ್ತುತ್ತಿದ್ದ ಸೊಸೈಟಿಯ ಮೆಟ್ಟಿಲೇ ವಿಮೆಯ ಮೆಟ್ಟಿಲಾಯಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು.

ಜರ್ಮನಿ 1883ರಲ್ಲೇ ಕಾರ್ಮಿಕರಿಗೆ ಕಾಯಿಲೆ ವಿಮೆಯನ್ನು ಕಡ್ಡಾಯಗೊಳಿಸಿತ್ತು. ಬ್ರಿಟನ್ 1948ರ ಜುಲೈ 5ರಿಂದ ತೆರಿಗೆಯ ಹಣದಲ್ಲಿ ಎಲ್ಲರಿಗೂ ಚಿಕಿತ್ಸೆಯ ಬಾಗಿಲು ತೆರೆಯಿತು. ಯಶಸ್ವಿನಿಯಾದರೋ ಇಷ್ಟವಿದ್ದವರು ಸೇರುವಂಥದು. ಅದರ ತೊಡಕೂ ಅಲ್ಲಿಯೇ. ಕಾಯಿಲೆಯ ಭಯವಿದ್ದವರು ಸೇರುವರು, ಗಟ್ಟಿಮುಟ್ಟಾದವರು ಮರುವರ್ಷ ಬಿಡುವರು. ಆಗ ವಂತಿಗೆ ಏರಲೇಬೇಕು. 60 ಕೆಲವೇ ವರ್ಷಗಳಲ್ಲಿ 120 ಆಯಿತು. ಸರ್ಕಾರದ ನೆರವಂತೂ ಮೊದಲಿನಿಂದಲೂ ಬೇಕಿತ್ತು. ಸಂಘದ ಸದಸ್ಯನಲ್ಲದ ತೋಟದ ಕೂಲಿಯಾಳು ಹೊರಗೇ ಉಳಿದ. ಸಕ್ಕರೆ ಕಾಯಿಲೆಯ ದಿನನಿತ್ಯದ ಮಾತ್ರೆಯ ಖರ್ಚೂ ಇದರೊಳಗೆ ಬರಲಿಲ್ಲ. ಬಡವನನ್ನು ಸದ್ದಿಲ್ಲದೆ ಸಾಲಕ್ಕೆ ತಳ್ಳುವುದು ಇದೇ ಎಂದು ನನ್ನೆಣಿಕೆ.

2018ರಲ್ಲಿ ಯೋಜನೆಯು 'ಆರೋಗ್ಯ ಕರ್ನಾಟಕ'ದಲ್ಲಿ ವಿಲೀನವಾಯಿತು. ಸಹಕಾರಿಗಳು ಬಿಡಲಿಲ್ಲ. 2022ರಲ್ಲಿ ಸರ್ಕಾರ ಅದನ್ನು ಪುನಃ ಆರಂಭಿಸಿತು. ಗ್ರಾಮೀಣರಿಗೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿಯೆಂದು ಗೊತ್ತಾಯಿತು.