ಬಂಧನದಲ್ಲಿ ಚಳಿಗಾಲ: ಸಾಕುಹಾವುಗಳನ್ನು ತಣಿಸುವ ಪದ್ಧತಿ ಬೆಳೆದು ಬಂದ ಬಗೆ

ಸಾಕುಹಾವನ್ನು ಚಳಿಗಾಲದಲ್ಲಿ ಎರಡು ಮೂರು ತಿಂಗಳು ತಣ್ಣನೆಯ ಕತ್ತಲಲ್ಲಿ ಮಲಗಿಸುವುದು ಅಮೆರಿಕ, ಯುರೋಪುಗಳ ಸಾಕಣೆದಾರರಲ್ಲಿ ಈಗ ವಾಡಿಕೆ. ಹಾವಿನ ಆರೋಗ್ಯಕ್ಕೆ ಇದು ಬೇಕೇ ಬೇಕು ಎಂದು ಹೇಳುವವರು ಬಹಳ. ಪದ್ಧತಿಯ ಹಿನ್ನೆಲೆಯನ್ನು ಕೆದಕಿದರೆ ಆ ಮಾತು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ತಣಿಸುವುದು ಮುಖ್ಯವಾಗಿ ಮರಿ ಮಾಡಿಸುವ ಉಪಾಯ. ಅದನ್ನು ಅಪಾಯವಿಲ್ಲದೆ ಮಾಡುವ ಕ್ರಮಗಳಿಗೆ ಆಧಾರ ಬಯಲಿನ ಬಿಲಗಳಲ್ಲಿದೆ, ಸಾಕಣೆ ಕೋಣೆಯಲ್ಲಿ ಅಲ್ಲ ಎಂಬುದು ಈ ಲೇಖನದ ವಾದ.

ಹಾವು ಚಳಿಗೆ ಅಡಗುತ್ತದೆ ಎಂಬ ತಿಳಿವಳಿಕೆ ಬಲು ಹಳೆಯದು. ಹಾವುಗಳು ಕಡುಚಳಿಯ ನಾಲ್ಕು ತಿಂಗಳು ಏನೂ ತಿನ್ನದೆ ಅಡಗಿರುತ್ತವೆ, ಹೆಚ್ಚಿನವು ಮಣ್ಣಿನಡಿ, ವೈಪರ್‌ಗಳು ಕಲ್ಲಿನಡಿ ಎಂದು ಅರಿಸ್ಟಾಟಲ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಬರೆದಿದ್ದ. ಉಪವಾಸದ ಮಾತನ್ನೂ ಅವನು ಬಿಟ್ಟಿಲ್ಲ ಎಂಬುದು ಗಮನಾರ್ಹ. ಆದರೆ ಬಿಲದೊಳಗಿನ ಸ್ಥಿತಿಗತಿಯನ್ನು ಅಳೆದು ನೋಡುವ ಕೆಲಸ ಚುರುಕಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಸರೀಸೃಪಗಳು ಬಿಸಿಲು ನೆರಳುಗಳ ನಡುವೆ ಓಡಾಡಿ ಮೈಬಿಸಿಯನ್ನು ತಾವೇ ಹದದಲ್ಲಿಟ್ಟುಕೊಳ್ಳುತ್ತವೆ ಎಂದು ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ 1944ರಲ್ಲಿ ತೋರಿಸಿದರು. 1953ರಲ್ಲಿ ಚಾರ್ಲ್ಸ್ ಕಾರ್ಪೆಂಟರ್ ಮಿಷಿಗನ್‌ನ ಚಳಿಗಾಲದ ಬಿಲಗಳ ಕುರಿತು ಬರೆದ ಪ್ರಬಂಧದಲ್ಲಿ ಇರುವೆಗೂಡಿನೊಳಗೆ ಹಾವುಗಳೂ ಕಪ್ಪೆಯ ಬಳಗದ ಜೀವಿಗಳೂ ಒಟ್ಟಿಗೆ ಚಳಿ ಕಳೆಯುವ ಚಿತ್ರವಿದೆ. 1965ರಲ್ಲಿ ವಿಲ್ಬರ್ ಮೇಹ್ಯೂ ಸರೀಸೃಪಗಳ ಈ ಸ್ಥಿತಿಯನ್ನು ಸಸ್ತನಿಗಳ ಶಿಶಿರನಿದ್ರೆಯಿಂದ ಬೇರೆಯಾಗಿಸಿ 'ಬ್ರುಮೇಶನ್' ಎಂದು ಕರೆದ. ಹಾವು ಕರಡಿಯ ಹಾಗೆ ಮಲಗುವುದಿಲ್ಲ. ಆಗಾಗ ಹೊರಳುತ್ತದೆ, ಜಾಗ ಬದಲಿಸುತ್ತದೆ, ನೀರು ಕುಡಿಯುತ್ತದೆ.

ಈ ಚರಿತ್ರೆಯಲ್ಲಿ ಬಹುಮುಖ್ಯ ಜಾಗ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ನಾರ್ಸಿಸ್. ಅಲ್ಲಿ ಸುಣ್ಣಕಲ್ಲಿನ ಪದರ ಕುಸಿದು ಉಂಟಾದ ಗುಂಡಿಗಳಲ್ಲಿ ಕೆಂಪು ಪಕ್ಕೆಯ ಗಾರ್ಟರ್ ಹಾವುಗಳು ಹತ್ತಾರು ಸಾವಿರದ ಲೆಕ್ಕದಲ್ಲಿ ಸೇರುತ್ತವೆ. ಹೊರಗೆ ಉಷ್ಣತೆ ಸೊನ್ನೆಗಿಂತ 30, 40 ಡಿಗ್ರಿ ಕೆಳಗಿಳಿದರೂ ಹಿಮ ತಲುಪದ ಆಳದ ಬಿರುಕುಗಳಲ್ಲಿ ಅವು ಬದುಕುತ್ತವೆ. ವಸಂತದಲ್ಲಿ ಗಂಡುಗಳು ಮೊದಲು ಮೇಲೆ ಬಂದು ಕಾಯುತ್ತವೆ. ಹೆಣ್ಣೊಂದು ತಲೆ ಹೊರಹಾಕಿದ್ದೇ ತಡ, ಡಜನ್‌ಗಟ್ಟಲೆ ಗಂಡುಗಳು ಸುತ್ತಿಕೊಂಡು ಉಂಡೆಯಾಗುತ್ತವೆ. 1999ರಲ್ಲಿ ಹಾವುಗಳು ಸುರಕ್ಷಿತ ಆಳ ತಲುಪುವ ಮೊದಲೇ ಕಡುಚಳಿ ಬಂದು ಸಾವಿರಾರು ಸತ್ತವು. ಚಳಿ ಸಹಿಸುವ ಜಾತಿಯನ್ನೂ ತಟ್ಟನೆ ಇಳಿದ ಉಷ್ಣತೆ ಕೊಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಡೇವಿಡ್ ಕ್ರೂಸ್ ಮತ್ತು ಸಂಗಡಿಗರು ಈ ಹಾವುಗಳನ್ನು ಪ್ರಯೋಗಾಲಯಕ್ಕೆ ಒಯ್ದರು. ಈ ಜಾತಿಯಲ್ಲಿ ವೀರ್ಯಾಣು ತಯಾರಾಗುವುದು ಹಿಂದಿನ ಬೇಸಿಗೆಯಲ್ಲಿ. ಚಳಿಗಾಲವಿಡೀ ಅದು ಮೈಯೊಳಗೆ ದಾಸ್ತಾನಾಗಿರುತ್ತದೆ. ಕೂಡುವ ಹೊತ್ತಿಗೆ ವೃಷಣಗಳು ಕುಗ್ಗಿಹೋಗಿರುತ್ತವೆ. ವೃಷಣ ತೆಗೆದ ಗಂಡುಗಳೂ ಚಳಿ ಕಳೆದು ಬೆಚ್ಚಗಾದೊಡನೆ ಹೆಣ್ಣನ್ನು ಅರಸಿದವು ಎಂದು 1984ರ ಪ್ರಬಂಧ ತೋರಿಸಿತು. ಬೆಳಕಿಗಿಂತ ಉಷ್ಣತೆಯೇ ಪ್ರಧಾನ ಸೂಚನೆ ಎಂಬುದು 1987ರ ಅಧ್ಯಯನದ ಒಟ್ಟು ಫಲಿತ. ಅಂದರೆ ಕೂಡಲು ಪ್ರೇರಣೆ ಕೊಡುವುದು ಬರಿಯ ಚಳಿಯಲ್ಲ, ದೀರ್ಘ ಚಳಿಯ ನಂತರದ ಬಿಸಿ. ಸಾಕಣೆದಾರರು ಅನುಭವದಿಂದ ಹಿಡಿದಿದ್ದ ಎಳೆಗೆ ಇಲ್ಲಿ ಶರೀರಶಾಸ್ತ್ರದ ವಿವರಣೆ ಸಿಕ್ಕಿತು.

ಸಾಕಣೆಯ ಕಡೆ ಕಥೆ ಬೇರೆ. 1953ರಲ್ಲಿ ಉತ್ತರ ಕೆರೊಲಿನಾದಲ್ಲಿ ಸಿಕ್ಕ ಒಂದು ಬಿಳಿಚು ಕಾರ್ನ್ ಸ್ನೇಕ್ ಚರ್ಮವೈದ್ಯ ಬರ್ನಾರ್ಡ್ ಬೆಕ್ಟೆಲ್ ಅವರ ಕೈಸೇರಿತು. 1961ರ ಹೊತ್ತಿಗೆ ಅದರ ಸಂತತಿಯಲ್ಲಿ ಬಿಳಿಚು ಮರಿಗಳು ಹುಟ್ಟಿದವು. ಬಣ್ಣದ ತಳಿಗಳ ಹುಚ್ಚು ಹತ್ತಿದ ಮೇಲೆ ವರ್ಷವರ್ಷವೂ, ಅದೂ ಹೇಳಿದ ಕಾಲಕ್ಕೆ, ಮೊಟ್ಟೆ ಬೇಕಾಯಿತು. 1975ರಲ್ಲಿ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದು ಸಾಕಣೆಯ ಮರಿಗಳಿಗೆ ಬೆಲೆ ಇನ್ನಷ್ಟು ಏರಿತು. ತಣಿಸದೆಯೂ ಕಾರ್ನ್ ಸ್ನೇಕ್ ಮರಿ ಮಾಡುವುದುಂಟು. ತಣಿಸಿದರೆ ಗಂಡು ಹೆಣ್ಣುಗಳ ಕಾಲ ಹೊಂದುವುದು ಸುಲಭ, ಅಷ್ಟೆ.

ರೂಢಿಗೆ ಬಂದ ಕ್ರಮ ಹೀಗಿದೆ. ಮೊದಲು ಎರಡು ಮೂರು ವಾರ ಹಾವನ್ನು ಬೆಚ್ಚಗೇ ಇಟ್ಟು ಉಪವಾಸ ಹಾಕಿ ಹೊಟ್ಟೆ ಖಾಲಿ ಮಾಡಿಸುತ್ತಾರೆ. ತಣ್ಣಗಾದ ಮೈಯಲ್ಲಿ ಜೀರ್ಣರಸಗಳು ಕೆಲಸ ಮಾಡವು. ಒಳಗೆ ಉಳಿದ ಇಲಿ ಕೊಳೆಯುತ್ತದೆ, ಹಾವು ಸಾಯುತ್ತದೆ. ನಂತರ ದಿನಕ್ಕಿಷ್ಟರಂತೆ ಇಳಿಸಿ 10ರಿಂದ 13 ಡಿಗ್ರಿಯಲ್ಲಿ ಎಂಟರಿಂದ ಹನ್ನೆರಡು ವಾರ ನಿಲ್ಲಿಸುತ್ತಾರೆ. ಪ್ಲಾಸ್ಟಿಕ್ ಡಬ್ಬಿ, ಒಣ ಹಾಸು, ನೀರಿನ ಬಟ್ಟಲು, ಡಬ್ಬಿಯೊಳಗೇ ತುದಿ ಇರುವ ಥರ್ಮಾಮೀಟರ್ ಸಾಕು. ಫ್ರಿಜ್ ಬಳಸುವವರು ಗಾಳಿಗಾಗಿ ಆಗಾಗ ಬಾಗಿಲು ತೆರೆಯಬೇಕು. ನೀರಿನ ಬಟ್ಟಲನ್ನು ಎಷ್ಟೋ ಮಂದಿ ಮರೆಯುತ್ತಾರೆ. ಗಾರ್ಟರ್ ಹಾವುಗಳು ನೀರಿನಲ್ಲಿ ಮುಳುಗಿಯೇ ಚಳಿಗಾಲ ಕಳೆಯಬಲ್ಲವು ಎಂಬ ಜಾನ್ ಕೊಸ್ಟಾಂಜೊ ಅವರ 1980ರ ದಶಕದ ಅಧ್ಯಯನ ಓದಿದವರು ಮರೆಯಲಾರರು. ಚಳಿಯಲ್ಲಿ ಹಸಿವಿಗಿಂತ ಒಣಗುವಿಕೆ ಬೇಗ ಕಾಡುತ್ತದೆ. ವಾರಕ್ಕೊಮ್ಮೆ ತೂಕ ನೋಡುವುದು ಅದಕ್ಕೇ. ಮೂಗಿನ ತುದಿಯಲ್ಲಿ ಗುಳ್ಳೆ, ಬಾಯಿ ತೆರೆದ ಉಸಿರು ಕಂಡರೆ ಮೆಲ್ಲಗೆ ಬೆಚ್ಚಗೆ ಮಾಡಿ ವೈದ್ಯರಿಗೆ ತೋರಿಸಬೇಕು. ತಂಪಿನಲ್ಲಿ ರೋಗನಿರೋಧಕ ಶಕ್ತಿಯೂ ಮಂಕಾಗುವುದರಿಂದ ಸೊರಗಿದ ಹಾವನ್ನು, ಕಾಯಿಲೆಯದನ್ನು ತಣಿಸುವಂತೆಯೇ ಇಲ್ಲ.

ಎಡವಟ್ಟು ಆಗುವುದು ಈ ಕ್ರಮ ತನ್ನದಲ್ಲದ ಜಾತಿಗೆ ದಾಟಿದಾಗ. ಬಾಲ್ ಪೈಥಾನ್ ಘಾನಾ, ಟೋಗೊ, ಬೆನಿನ್‌ಗಳ ಹಾವು. ಹಿಮದ ಚಳಿಗಾಲವನ್ನು ಕಂಡದ್ದಲ್ಲ. ಕಾರ್ನ್ ಸ್ನೇಕ್‌ಗೆ ಹಿತವಾದ ಚಳಿ ಅದಕ್ಕೆ ನ್ಯುಮೋನಿಯಾ ತರುತ್ತದೆ. ಎಲ್ಲ ಹೆಬ್ಬಾವುಗಳೂ ಒಂದೇ ಎನ್ನುವಂತೆಯೂ ಇಲ್ಲ. ರಾಜಸ್ಥಾನದ ಭರತ್‌ಪುರದಲ್ಲಿ ನಮ್ಮ ಹೆಬ್ಬಾವು ಚಳಿಗಾಲದಲ್ಲಿ ಮುಳ್ಳುಹಂದಿಯ ಬಿಲ ಹಿಡಿದು, ಹಗಲು ಬಿಲದ ಬಾಯಲ್ಲಿ ಬಿಸಿಲು ಕಾಯಿಸುತ್ತದೆ. ಎಸ್. ಭೂಪತಿ ಮತ್ತು ವಿ. ಎಸ್. ವಿಜಯನ್ ಅಲ್ಲಿನ ಹೆಬ್ಬಾವುಗಳನ್ನು 1980ರ ದಶಕದಲ್ಲಿ ಅಧ್ಯಯನ ಮಾಡಿದ್ದರು. ರಾತ್ರಿ ತಂಪು, ಹಗಲು ಬಿಸಿಲು ಎಂಬ ಈ ಏರಿಳಿತಕ್ಕೂ ನಾರ್ಸಿಸ್‌ನ ಎಡೆಬಿಡದ ಚಳಿಗೂ ಸಂಬಂಧವೇ ಇಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ನಾಡಹಾವುಗಳನ್ನು ಸಾಕುವಂತಿಲ್ಲ. ವಿದೇಶಿ ಹಾವುಗಳಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವವನ್ನು 2024ರ ನಿಯಮಗಳಂತೆ ನೋಂದಾಯಿಸಬೇಕು. ಬೆಂಗಳೂರಿನಲ್ಲಿ ಕಾರ್ನ್ ಸ್ನೇಕ್ ಇಟ್ಟುಕೊಂಡವರಿಗೆ ಇನ್ನೊಂದು ತೊಡಕಿದೆ. ಡಿಸೆಂಬರಿನ ರಾತ್ರಿ ಇಲ್ಲಿ 15, 16 ಡಿಗ್ರಿಗೆ ಇಳಿಯುತ್ತದೆ. ಹಾವು ಪೂರಾ ಮಂಕಾಗಿ ಕೊಬ್ಬು ಉಳಿಸಿಕೊಳ್ಳಲು ಆ ತಂಪು ಸಾಲದು. ತಿಂದ ಇಲಿ ಕರಗಲು ಆ ಬಿಸಿಯೂ ಸಾಲದು. ಹಾಗಾಗಿ ಇಲ್ಲಿ ತಣಿಸುವ ಯೋಚನೆಯನ್ನು ಕೈಬಿಟ್ಟು ಹೀಟ್ ಮ್ಯಾಟನ್ನು ಥರ್ಮೋಸ್ಟಾಟಿನೊಂದಿಗೆ ಚಳಿಗಾಲವಿಡೀ ನಡೆಸುವುದೇ ಸರಿ. ಕರೆಂಟು ದೀರ್ಘವಾಗಿ ಹೋದ ದಿನ ಊಟವನ್ನು ಮುಂದಕ್ಕೆ ಹಾಕಬೇಕು.