ಶುಗರ್ ಇದ್ದವರಿಗೆ ಬೈಪಾಸ್: ಯಾವ ವಿಧಾನದಲ್ಲಿ ಏನು ವ್ಯತ್ಯಾಸ?

ಆಂಜಿಯೋಗ್ರಾಂ ಮುಗಿಸಿ ಬಂದ ವೈದ್ಯರು "ಮೂರು ನಾಳದಲ್ಲಿ ಬ್ಲಾಕ್ ಇದೆ, ಶುಗರ್ ಬೇರೆ ಇದೆ, ಬೈಪಾಸ್ ಮಾಡಿಸೋದು ಒಳ್ಳೇದು" ಎಂದಾಗ ಮನೆಯವರು ಕೇಳುವುದು ಒಂದೇ: "ಸ್ಟೆಂಟ್ ಹಾಕಿದ್ರೆ ಆಗಲ್ವಾ ಸಾರ್?" ಬೇಗ ಮನೆಗೆ ಬಂದು ಅಂಗಡಿ ಬಾಗಿಲು ತೆಗೆಯಬಹುದು ಅನ್ನೋ ಆಸೆ ಸಹಜ. ಆದರೆ ಶುಗರ್ ಇದ್ದವರ ಲೆಕ್ಕ ಬೇರೆ.

ಸ್ಟೆಂಟೋ, ಬೈಪಾಸೋ?

ಮಧುಮೇಹಿಗಳ ಹೃದಯದ ರಕ್ತನಾಳಗಳಲ್ಲಿ ಕೊಬ್ಬು ಒಂದೇ ಕಡೆ ನಿಲ್ಲದೆ ಉದ್ದಕ್ಕೂ ಕಟ್ಟಿಕೊಳ್ಳುವುದು ಹೆಚ್ಚು. ಸ್ಟೆಂಟ್ ಹಾಕಿದ ಜಾಗ ಮಾತ್ರ ತೆರೆಯುತ್ತದೆ. ಬೈಪಾಸ್‌ನಲ್ಲಿ ಜೋಡಿಸಿದ ನಾಳ ಕೆಟ್ಟ ಭಾಗವನ್ನೇ ದಾಟಿ ಮುಂದಕ್ಕೆ ರಕ್ತ ಒಯ್ಯುತ್ತದೆ.

2012ರಲ್ಲಿ ಪ್ರಕಟವಾದ 'ಫ್ರೀಡಂ' ಅಧ್ಯಯನದಲ್ಲಿ ಹಲವು ನಾಳಗಳಲ್ಲಿ ಬ್ಲಾಕ್ ಇದ್ದ 1,900 ಮಧುಮೇಹಿಗಳಿದ್ದರು. 5 ವರ್ಷದಲ್ಲಿ ಸಾವಿನ ಪ್ರಮಾಣ ಸ್ಟೆಂಟ್ ಗುಂಪಿನಲ್ಲಿ ಶೇ 16.3, ಬೈಪಾಸ್ ಗುಂಪಿನಲ್ಲಿ ಶೇ 10.9. ಆದರೆ ಸ್ಟ್ರೋಕ್ ಆಗಿದ್ದು ಬೈಪಾಸ್ ಆದವರಲ್ಲೇ ಜಾಸ್ತಿ: ಶೇ 5.2, ಸ್ಟೆಂಟ್‌ನವರಲ್ಲಿ ಶೇ 2.4. ಹೃದಯಾಘಾತ ಆಗುತ್ತಿರುವಾಗ ಈ ಲೆಕ್ಕ ಹಾಕುತ್ತಾ ಕೂರುವಂತಿಲ್ಲ. ಮುಚ್ಚಿದ ನಾಳವನ್ನು ತಕ್ಷಣ ತೆರೆಸುವುದೇ ಮೊದಲ ಕೆಲಸ.

ಹೃದಯ ನಿಲ್ಲಿಸಿಯೋ, ಬಡಿಯುತ್ತಿರುವಾಗಲೋ?

ಹೃದಯ-ಶ್ವಾಸಕೋಶ ಯಂತ್ರಕ್ಕೆ ರಕ್ತ ತಿರುಗಿಸಿ, ಹೃದಯ ನಿಲ್ಲಿಸಿ ಹೊಲಿಯುವುದು ಹಳೆಯ ವಿಧಾನ. ಬಡಿಯುವ ಹೃದಯದ ಮೇಲೇ ಹೊಲಿಯುವುದು ಇನ್ನೊಂದು. 4,752 ರೋಗಿಗಳ 'ಕರೋನರಿ' ಅಧ್ಯಯನದಲ್ಲಿ ಮಧುಮೇಹ ಇದ್ದವರೂ ಇಲ್ಲದವರೂ ಇದ್ದರು. 5 ವರ್ಷದ ನಂತರ ಎರಡರ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸರ್ಜನ್‌ಗೆ ಯಾವುದರಲ್ಲಿ ಕೈ ಪಳಗಿದೆ ಅನ್ನೋದು ಇಲ್ಲಿ ಮುಖ್ಯ.

ಯಾವ ನಾಳ ಜೋಡಿಸುತ್ತಾರೆ?

ಹೆಚ್ಚು ಗಮನ ಕೊಡಬೇಕಾದ ಪ್ರಶ್ನೆ ಇದು.

• ಎದೆಯ ಎಡಭಾಗದ ಅಪಧಮನಿ: 10 ವರ್ಷದ ನಂತರವೂ ಹತ್ತರಲ್ಲಿ ಸುಮಾರು ಒಂಬತ್ತು ತೆರೆದೇ ಇರುತ್ತವೆ. ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಇದನ್ನೇ ಜೋಡಿಸುವುದು ರೂಢಿ.
• ಕಾಲಿನ ರಕ್ತನಾಳ: ಸುಲಭವಾಗಿ ಸಿಗುತ್ತದೆ, ಆದರೆ 10 ವರ್ಷದಲ್ಲಿ ಅರ್ಧದಷ್ಟು ಮುಚ್ಚಿಹೋಗಬಹುದು.
• ಮುಂಗೈ ಅಪಧಮನಿ: ಕಾಲಿನ ನಾಳಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.
• ಎದೆಯ ಎರಡೂ ಅಪಧಮನಿ: ಇವು ಬಾಳಿಕೆ ಬರುತ್ತವೆ. ಆದರೆ ಎರಡನ್ನೂ ತೆಗೆದರೆ ಎದೆಮೂಳೆಗೆ ರಕ್ತ ಕಡಿಮೆಯಾಗಿ, ಶುಗರ್ ಇದ್ದವರಲ್ಲಿ ಗಾಯ ಕೀವಾಗುವ ಭಯ ಜಾಸ್ತಿ. ಸುತ್ತಲಿನ ಮಾಂಸ ಬಿಟ್ಟು ನಾಳ ಮಾತ್ರ ಬಿಡಿಸಿಕೊಂಡರೆ ಆ ಅಪಾಯ ತಗ್ಗುತ್ತದೆ.

ಕಾಲಿನ ನಾಳ ತೆಗೆಯಲು ಉದ್ದಕ್ಕೆ ಕೊಯ್ಯುವ ಬದಲು ಸಣ್ಣ ರಂಧ್ರದಿಂದ ಕ್ಯಾಮೆರಾ ಬಳಸಿದರೆ ಕಾಲಿನ ಗಾಯದ ತೊಂದರೆ ಕಡಿಮೆ.

ಮುಂಚೆ, ಆಮೇಲೆ

ಆಪರೇಷನ್ ಸಮಯದಲ್ಲಿ ಇನ್ಸುಲಿನ್ ಡ್ರಿಪ್ ಕೊಟ್ಟು ಶುಗರ್ 180ರೊಳಗೆ ಇಡಲು ನೋಡುತ್ತಾರೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ತಾವಾಗೇ ಬಿಡಬೇಡಿ, ನುಂಗುವ ಎಲ್ಲಾ ಮಾತ್ರೆಗಳ ಪಟ್ಟಿ ವೈದ್ಯರಿಗೆ ತೋರಿಸಿ. ಬೀಡಿ, ಸಿಗರೇಟು ಬಿಡದಿದ್ದರೆ ಗಾಯವೂ ಬೇಗ ಮಾಯಲ್ಲ.

ಎದೆಮೂಳೆ ಕೂಡಲು 2ರಿಂದ 3 ತಿಂಗಳು ಬೇಕು. ಅಲ್ಲಿವರೆಗೆ ಮೂಟೆ ಎತ್ತುವುದು, ಷಟರ್ ಎಳೆಯುವುದು, ಬೈಕ್ ಓಡಿಸುವುದು ಬೇಡ. ಜ್ವರ, ಗಾಯದಲ್ಲಿ ಸೋರಿಕೆ, ಎದೆಯಲ್ಲಿ 'ಕಟಕ್' ಎಂಬ ಸದ್ದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಬಿಪಿಎಲ್ ಕುಟುಂಬಕ್ಕೆ 'ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ'ದಡಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸಾ ನೆರವಿದೆ. ದಾಖಲಾಗುವ ಮೊದಲೇ ರೆಫರಲ್ ಪತ್ರದ ಬಗ್ಗೆ ಆರೋಗ್ಯಮಿತ್ರರನ್ನು ವಿಚಾರಿಸಿ.

ವೈದ್ಯರನ್ನು ಕೇಳಬೇಕಾದ್ದು

ನಮ್ಮವರಿಗೆ ಸ್ಟೆಂಟ್ ಯಾಕೆ ಬೇಡ? ಯಾವ ನಾಳ ಜೋಡಿಸ್ತೀರಿ? ಶುಗರ್ ಎಷ್ಟಕ್ಕೆ ಇಳಿದರೆ ಆಪರೇಷನ್? ಈ ಮೂರನ್ನು ಚೀಟಿಯಲ್ಲಿ ಬರೆದುಕೊಂಡೇ ಒಳಗೆ ಹೋಗಿ.