ಬಸದಿಗಳ ಭುವನೇಶ್ವರಿ ಮತ್ತು ಕಲ್ಲುಗಳ ಪರಸ್ಪರಾಶ್ರಯ

ಕರ್ನಾಟಕದ ಬಸದಿಗಳ ಶಿಲ್ಪಸೌಂದರ್ಯವನ್ನೂ ಶಾಸನಸಂಪತ್ತನ್ನೂ ಕುರಿತು ವಿದ್ವಾಂಸರು ವಿಪುಲವಾಗಿ ಬರೆದಿದ್ದಾರೆ. ಆದರೆ ನವರಂಗದಲ್ಲಿ ನಿಂತು ತಲೆಯೆತ್ತಿ ಭುವನೇಶ್ವರಿಯನ್ನು ನೋಡುವಾಗ ಸಹಜವಾಗಿಯೇ ಏಳಬೇಕಾದ ಒಂದು ಪ್ರಶ್ನೆಯತ್ತ ನಮ್ಮ ಗಮನ ಹರಿಯುವುದು ಕಡಮೆ. ಇಷ್ಟು ಅಗಲವಾದ ಅಂಕಣವನ್ನು ನಡುವೆ ಕಂಬವಿಲ್ಲದೆ, ಅಂಕಣಕ್ಕಿಂತ ಗಿಡ್ಡವಾದ ಕಲ್ಲುಗಳಿಂದಲೇ ಮುಚ್ಚಿದ ಬಗೆ ಹೇಗೆ?

ಬೆಂಗಳೂರಿನ ಆರ್‌ಪಿಸಿ ಲೇಔಟ್, ವಿಜಯನಗರ ಮೊದಲಾದ ಬಡಾವಣೆಗಳಲ್ಲಿ ವಾಸಿಸುವ ನಮಗೆ ಈ ಪ್ರಶ್ನೆ ತೋರದಿರುವುದು ಆಶ್ಚರ್ಯವಲ್ಲ. ನಮ್ಮ ಮನೆಗಳ ತಾರಸಿಯಲ್ಲಿ ಕಾಂಕ್ರೀಟಿನೊಳಗೆ ಕಬ್ಬಿಣದ ಸರಳುಗಳಿವೆ. ಭಾರದಿಂದ ತಾರಸಿ ಬಾಗಿದಾಗ ಅದರ ಅಡಿಮೈಯಲ್ಲಿ ಉಂಟಾಗುವ ಎಳೆತವನ್ನು ಆ ಸರಳುಗಳು ತಾಳಿಕೊಳ್ಳುತ್ತವೆ. ಕಲ್ಲಿಗೆ ಈ ಅನುಕೂಲವಿಲ್ಲ. ಅದು ಒತ್ತಡವನ್ನು ಧಾರಾಳವಾಗಿ ಸಹಿಸುತ್ತದೆ. ಎಳೆತಕ್ಕೆ ಮಾತ್ರ ಬೇಗ ಸೀಳುತ್ತದೆ. ಒಂದೇ ದಪ್ಪದ ಚಪ್ಪಡಿ ಎರಡರಷ್ಟು ಅಂತರವನ್ನು ದಾಟಬೇಕಾದರೆ, ತನ್ನ ಭಾರದಿಂದಲೇ ಅದರಲ್ಲಿ ಹುಟ್ಟುವ ಎಳೆತ ನಾಲ್ಕರಷ್ಟಾಗುತ್ತದೆ. ಆದುದರಿಂದ ಕಲ್ಲಿನಲ್ಲಿ ಕಟ್ಟುವವನ ಮುಖ್ಯ ಚಿಂತೆ ಅಂತರವನ್ನು ಕುಗ್ಗಿಸುವುದೇ ಆಗಿತ್ತು.

ಇದಕ್ಕೆ ನಮ್ಮ ಪೂರ್ವಿಕರು ಎರಡು ಉಪಾಯಗಳನ್ನು ಕಂಡುಕೊಂಡರು. ಮೊದಲನೆಯದು ಕಂಬಗಳನ್ನು ಹೆಚ್ಚಿಸುವುದು. 1430ರ ಮೂಡಬಿದಿರೆಯ ಸಾವಿರ ಕಂಬದ ಬಸದಿಯೂ 1586ರಲ್ಲಿ ಕಾರ್ಕಳದಲ್ಲಿ ಎದ್ದ ಚತುರ್ಮುಖ ಬಸದಿಯೂ ಈ ಮಾರ್ಗದ ಉಜ್ಜ್ವಲ ನಿದರ್ಶನಗಳು. ಎರಡನೆಯದು ಹೆಚ್ಚು ಸೂಕ್ಷ್ಮವಾದುದು. ಕಂಬಗಳನ್ನು ದೂರದಲ್ಲಿಯೇ ಬಿಟ್ಟು, ಮೂಲೆಗಳನ್ನು ಮುಚ್ಚುತ್ತ ಬಂದು ತೆರಪನ್ನು ಕಿರಿದುಗೊಳಿಸುವುದು. 1133ರ ಹಳೇಬೀಡಿನ ಪಾರ್ಶ್ವನಾಥ ಬಸದಿ, ಹಾಗೂ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕ 1181ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಅಕ್ಕನ ಬಸದಿ ಹುಟ್ಟಿದ ಹೊಯ್ಸಳರ ಕಾಲದಲ್ಲಿ, ಬಳಪದ ಕಲ್ಲಿನ ನವರಂಗಗಳಲ್ಲಿ ಈ ಪದ್ಧತಿ ಪರಿಣತಿಯನ್ನು ಪಡೆಯಿತು.

ಇದರ ಸರಳ ರೂಪ ಹೀಗಿದೆ. ನಾಲ್ಕು ಕಂಬಗಳ ಮೇಲೆ ನಾಲ್ಕು ತೊಲೆಗಳು ಕೂಡಿ ಒಂದು ಚೌಕವಾಗುತ್ತದೆ. ಅದರ ಪ್ರತಿಯೊಂದು ಮೂಲೆಗೂ ಒಂದೊಂದು ತ್ರಿಕೋನಾಕಾರದ ಕಲ್ಲನ್ನು, ಅದರ ತುದಿಗಳು ಎರಡು ತೊಲೆಗಳ ನಡುಮಧ್ಯವನ್ನು ಮುಟ್ಟುವಂತೆ ಇಡುತ್ತಾರೆ. ಆಗ ನಡುವೆ ಉಳಿಯುವ ತೆರಪು ಓರೆಯಾಗಿ ತಿರುಗಿದ ಇನ್ನೊಂದು ಚೌಕ; ಅದರ ವಿಸ್ತೀರ್ಣ ಮೊದಲಿನ ಅರ್ಧ. ಅದರ ಮೇಲೆ ಅದೇ ಕ್ರಮದಲ್ಲಿ ಮತ್ತೊಂದು ವರಸೆಯನ್ನಿಟ್ಟರೆ ಮತ್ತೆ ಅರ್ಧ. ಅಂಕಣ 12 ಅಡಿಯದೆಂದು ಭಾವಿಸಿದರೆ, ಒಂದು ವರಸೆಯ ತರುವಾಯ ತೆರಪು ಸುಮಾರು ಎಂಟೂವರೆ ಅಡಿ, ಎರಡನೆಯದರ ತರುವಾಯ 6 ಅಡಿ. ಕೊನೆಗೆ ಮುಚ್ಚುವ ಚಪ್ಪಡಿ ಆರೇ ಅಡಿಯನ್ನು ದಾಟಿದರೆ ಸಾಕು. ಅದರಲ್ಲಿ ಹುಟ್ಟುವ ಎಳೆತ ಹನ್ನೆರಡು ಅಡಿಯ ಚಪ್ಪಡಿಯದರ ಕಾಲುಭಾಗ ಮಾತ್ರ. ಪದ್ಮದ ಎಸಳುಗಳೂ ತೂಗುವ ಮೊಗ್ಗೂ ಈ ಲೆಕ್ಕವನ್ನು ಕಣ್ಣಿಗೆ ಮರೆಮಾಡುತ್ತವೆ.

ಹಾಗಾದರೆ ಉಳಿತಾಯವಾದ ಶ್ರಮವನ್ನು ಹೊರುವವರು ಯಾರು? ಅಡಿಯ ತೊಲೆಗಳು. ಪ್ರತಿಯೊಂದು ಮೂಲೆಗಲ್ಲು ಎರಡು ತೊಲೆಗಳನ್ನು ಆಶ್ರಯಿಸಿದೆ. ಪ್ರತಿಯೊಂದು ತೊಲೆ ಎರಡು ಮೂಲೆಗಲ್ಲುಗಳಿಗೆ ಹೆಗಲು ಕೊಟ್ಟಿದೆ. ಮೇಲಿನ ಭಾರದ ಬಹುಪಾಲು ತೊಲೆಯ ನಡುಭಾಗದಲ್ಲಿ, ಎಂದರೆ ಅದು ಅತ್ಯಂತ ದುರ್ಬಲವಾದೆಡೆಯಲ್ಲಿ, ಬಂದು ಬೀಳುತ್ತದೆ. ನವರಂಗದ ತೊಲೆಗಳು ಅಷ್ಟು ದಪ್ಪವಾಗಿರುವುದು ಆಡಂಬರಕ್ಕಲ್ಲ.

ಕಲ್ಲುಗಳು ಒಂದಕ್ಕೊಂದು ಆಧಾರವಾಗುವ ಈ ತತ್ತ್ವದ ಪೂರ್ಣರೂಪ ಇನ್ನೊಂದಿದೆ. ನಾಲ್ಕು ಕೋಲುಗಳನ್ನು ಚಕ್ರಾಕಾರವಾಗಿಟ್ಟು, ಪ್ರತಿಯೊಂದರ ಒಳತುದಿಯೂ ಮುಂದಿನದರ ಮೈಮೇಲೆ ಕೂರುವಂತೆ ಹೆಣೆದರೆ, ನಡುಗಂಬವಿಲ್ಲದೆಯೇ ಒಂದು ಛಾವಣಿ ನಿಲ್ಲುತ್ತದೆ. ಅಲ್ಲಿ ಹೊರುವುದು ಯಾವುದು, ಹೊರಿಸಿಕೊಳ್ಳುವುದು ಯಾವುದು ಎಂಬ ಭೇದವಿಲ್ಲ. ಗಿಡ್ಡ ಮರಗಳಿಂದ ಅಗಲವಾದ ಅಂತಸ್ತನ್ನು ಕಟ್ಟುವ ಇಂಥ ವಿಧಾನವನ್ನು ಹದಿಮೂರನೆಯ ಶತಮಾನದ ಫ್ರಾನ್ಸಿನ ವಿಲಾರ್ ದ ಓನ್‌ಕೂರ್ ತನ್ನ ಚಿತ್ರಪುಸ್ತಕದಲ್ಲಿ ಬರೆದಿಟ್ಟನು. ಲಿಯೊನಾರ್ಡೊ ಡ ವಿಂಚಿ ಇದರ ಹಲವು ರೇಖಾಚಿತ್ರಗಳನ್ನು ಬಿಡಿಸಿದನು. ಹದಿನೇಳನೆಯ ಶತಮಾನದ ಆಂಗ್ಲ ಗಣಿತಜ್ಞ ಜಾನ್ ವಾಲಿಸ್ ಯಾವ ತೊಲೆಗೆ ಎಷ್ಟು ಭಾರವೆಂದು ಗಣಿಸಿದನು. ನಮಗೂ ಇದು ಅಪರಿಚಿತವಲ್ಲ. ನಿಷಿಧಿ ಶಿಲ್ಪಗಳಲ್ಲಿ ಗುರುಶಿಷ್ಯರ ನಡುವೆ ಗ್ರಂಥವನ್ನು ಹೊತ್ತು ನಿಂತಿರುವ ಠವಣೆಕೋಲನ್ನು ನೆನೆಯಬಹುದು. ನಡುವೆ ಹಾಯ್ದು ನಿಂತ ಕೋಲುಗಳಲ್ಲಿ ಒಂದೊಂದೂ ಬೇರೆಯಾಗಿ ನಿಲ್ಲಲಾರದು. ಕೂಡಿದಾಗ ಶಾಸ್ತ್ರವನ್ನೇ ಹೊರುತ್ತದೆ.

ಕಟ್ಟಡದಲ್ಲಿ ಈ ಭಾವದ ಭವ್ಯ ನಿದರ್ಶನ ನಮ್ಮ ವಿಜಾಪುರದಲ್ಲಿದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ಗೋಲಗುಮ್ಮಟದಲ್ಲಿ, ಒಂದರ ಮೇಲೊಂದು ಓರೆಯಾಗಿ ತಿರುಗಿದ ಎರಡು ಚೌಕಗಳ ರೇಖೆಯಲ್ಲೇ ಎಂಟು ಕಮಾನುಗಳು ಪರಸ್ಪರ ಹಾಯ್ದು, ಒಳಗಡೆ ಸುಮಾರು 38 ಮೀಟರು ವ್ಯಾಸದ ಗುಮ್ಮಟವನ್ನು ಹೊತ್ತಿವೆ. ಒಳಮುಖವಾಗಿ ಚಾಚಿದ ಆ ಕಮಾನುಗಳ ಭಾರ ಗುಮ್ಮಟದ ಹೊರತಳ್ಳುವಿಕೆಯನ್ನು ತಡೆಯುತ್ತದೆ. ಭುವನೇಶ್ವರಿಯ ಚೌಕದೊಳಗಣ ಚೌಕವೇ ಇಲ್ಲಿ ಬೇರೊಂದು ಪರಂಪರೆಯವರ ಕೈಯಲ್ಲಿ ಮತ್ತೊಂದು ಪ್ರಯೋಜನಕ್ಕೆ ಒದಗಿತೆಂಬುದು ಗಮನಾರ್ಹ.

ಆದರೂ ಎರಡಕ್ಕೂ ಒಂದು ವ್ಯತ್ಯಾಸವುಂಟು. ಚಕ್ರಾಕಾರದ ಹೆಣಿಗೆಯಲ್ಲಿ ಕೊನೆಯ ಕೋಲು ಕೂರುವವರೆಗೆ ತಾತ್ಕಾಲಿಕ ಊರೆ ಬೇಕು. ಮುಂದೆ ಒಂದು ಕೋಲು ಜಾರಿದರೂ ಎಲ್ಲವೂ ಕುಸಿಯುತ್ತವೆ. ಭುವನೇಶ್ವರಿಯಲ್ಲಿ ಮೇಲಿನ ವರಸೆ ಕೆಳಗಿನದನ್ನು ನಂಬಿದೆ. ಕೆಳಗಿನದು ಮೇಲಿನದನ್ನು ನಂಬಿಲ್ಲ. ಮೇಲಣ ಚಪ್ಪಡಿಯನ್ನು ತೆಗೆದರೂ ಅಡಿಯ ವರಸೆ ನಿಲ್ಲುತ್ತದೆ. ಆದರೆ ಅಡಿಯ ತೊಲೆಯೊಂದು ಸೀಳಿದರೆ ಎರಡು ಮೂಲೆಗಲ್ಲುಗಳು ಒಮ್ಮೆಗೇ ನೆಲೆ ತಪ್ಪುತ್ತವೆ.

ಜೀರ್ಣೋದ್ಧಾರ ಮಾಡುವವರು ಮರೆಯಬಾರದ ಮಾತಿದು. ಸೋರುವ ಮಾಡಿನ ಮೇಲೆ ನಾಲ್ಕಂಗುಲ ಕಾಂಕ್ರೀಟು ಸುರಿದುಬಿಟ್ಟರೆ ಸಾಕೆಂಬ ಭಾವನೆ ಸುಲಭವಾಗಿ ಹುಟ್ಟುತ್ತದೆ. ಚದರಡಿಗೆ ಅದರ ತೂಕ ಸುಮಾರು 22 ಕಿಲೋಗ್ರಾಂ. 12 ಅಡಿ ಚೌಕದ ಒಂದೇ ಅಂಕಣದ ಮೇಲೆ ಮೂರು ಟನ್ನಿಗೂ ಮಿಕ್ಕ ಹೊಸ ಭಾರ. ಅದು ಇಳಿಯುವುದು ಶತಮಾನಗಳಿಂದ ದಣಿದ ಆ ನಾಲ್ಕು ತೊಲೆಗಳ ನಡುವಿಗೆ. ಹಳೆಯ ಗಾರೆಯನ್ನು ತೆಗೆದು ಹಗುರವಾದ ಹೊಸ ಗಾರೆಯನ್ನು ಹೊದಿಸುವುದು, ಸೀಳಿದ ತೊಲೆಯನ್ನು ಮುಟ್ಟುವ ಮೊದಲು ಅದರ ಮೇಲಿನ ಎರಡು ಮೂಲೆಗಲ್ಲುಗಳಿಗೂ ಊರೆ ಕೊಡುವುದು, ಕಲ್ಲುಗಳನ್ನು ಬಿಚ್ಚಬೇಕಾದರೆ ಗುರುತು ಹಾಕಿ ಮೇಲಿನಿಂದ ಕ್ರಮವಾಗಿ ಇಳಿಸುವುದು, ಇಷ್ಟು ಎಚ್ಚರ ಅತ್ಯವಶ್ಯ.

ಜೀವಗಳು ಒಂದಕ್ಕೊಂದು ಉಪಕಾರಿಗಳೆಂದು ತತ್ತ್ವಾರ್ಥಸೂತ್ರ ಸಾರುತ್ತದೆ. ಎಂಟು ಶತಮಾನಗಳಿಂದ ಕಲ್ಲುಗಳೂ ನಮ್ಮ ತಲೆಯ ಮೇಲೆ ಅದನ್ನೇ ಆಚರಿಸುತ್ತಿವೆ. ಮುಂದಿನ ಸಲ ನವರಂಗದಲ್ಲಿ ನಿಂತಾಗ ಪದ್ಮವನ್ನು ನೋಡಿದ ಕಣ್ಣು ತೊಲೆಯ ಅಡಿಮೈಯನ್ನೂ ನೋಡಲಿ. ಅಲ್ಲಿ ಕೂದಲೆಳೆಯ ಬಿರುಕು ಕಂಡರೆ ಆಡಳಿತದವರಿಗೆ ಅಂದೇ ತಿಳಿಸೋಣ.